ಗಂಟಲು ದೊಡ್ಡದಿದ್ದವನ ವೃತ್ತ

ವೃತ್ತದಲ್ಲಿ ಎರಡು ಗಾಡಿ ತಾಗಿದವು ಎನ್ನಿ. ಇಬ್ಬರೂ ಬಾಗಿಲು ಬಡಿದು ಇಳಿಯುತ್ತಾರೆ. ಒಳಗೆ ಕೂತ ಹೆಂಗಸರು ಮಕ್ಕಳಿಗೆ ಏನಾಯಿತೆಂದು ನೋಡುವ ಮೊದಲು ಬಂಪರ್ ಸವರಿ ನೋಡುತ್ತಾರೆ. ಆಮೇಲೆ ಶುರು. "ಕಣ್ ಕಾಣಲ್ವೇನ್ರೀ?" "ನಾನ್ ಮೊದ್ಲು ಬಂದಿದ್ದು ಕಣ್ರೀ, ನುಗ್ಗಿದ್ದು ನೀವು." "ಇಂಡಿಕೇಟರ್ ಹಾಕ್ದೆ ತಿರುಗ್ಸಿ ನನಗೇ ಹೇಳ್ತೀರಾ?" ಎರಡೇ ನಿಮಿಷಕ್ಕೆ 'ರೀ' ಹೋಗಿ 'ಲೇ' ಬರುತ್ತದೆ. ಫೋನು ಕಿವಿಗೇರುತ್ತದೆ. ಡಿಕ್ಕಿಯಾದಾಗ ಊರಿನ ಇನ್ನೊಂದು ಮೂಲೆಯಲ್ಲಿ ಟೀ ಕುಡಿಯುತ್ತಿದ್ದ 'ಕಡೆಯವರು' ಬಂದಿಳಿದು, ಎಲ್ಲವನ್ನೂ ಕಣ್ಣಾರೆ ಕಂಡವರ ಹಾಗೆ ತೀರ್ಪು ಕೊಡುತ್ತಾರೆ. ಹಾಸನದ ಡೈರಿ ವೃತ್ತವಾಗಲಿ, ಚನ್ನರಾಯಪಟ್ಟಣದ ನವೋದಯ ವೃತ್ತವಾಗಲಿ, ಅರಕಲಗೂಡಿನ ಅನಕೃ ವೃತ್ತವಾಗಲಿ, ಹೊಳೆನರಸೀಪುರದ ಪೇಟೆಯಾಗಲಿ, ಜಗಳದ ಮಾತೂ ಅದೇ, ಅದು ಮುಗಿಯುವ ರೀತಿಯೂ ಅದೇ.

ಇಷ್ಟು ಕೂಗಾಡುವವರಲ್ಲಿ ಒಬ್ಬನಾದರೂ ಕೇಳಬೇಕಾದ ಪ್ರಶ್ನೆಯನ್ನು ಕೇಳುವುದಿಲ್ಲ. ವೃತ್ತದೊಳಗೆ ಸುತ್ತುತ್ತಿದ್ದವನು ಯಾರು, ಹೊರಗಿನಿಂದ ಒಳಬರುತ್ತಿದ್ದವನು ಯಾರು? ಇಡೀ ವ್ಯಾಜ್ಯ ನಿಂತಿರುವುದೇ ಇದರ ಮೇಲೆ. ಇಪ್ಪತ್ತು ವರ್ಷ ಸ್ಟಿಯರಿಂಗ್ ಹಿಡಿದವರಿಗೂ ಇದು ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ನಾಚಿಕೆಯೂ ಇಲ್ಲ. ಶುಂಠಿ ಧಾರಣೆಯಿಂದ ಹಿಡಿದು ದೆಹಲಿಯ ರಾಜಕೀಯದವರೆಗೆ ಎಲ್ಲವನ್ನೂ ಫೋನಿನಲ್ಲಿ ತಿಳಿದುಕೊಳ್ಳುವ ಜನಕ್ಕೆ, ದಿನಕ್ಕೆ ನಾಲ್ಕು ಸಲ ಹಾದುಹೋಗುವ ವೃತ್ತದ ನಿಯಮ ತಿಳಿದಿಲ್ಲವೆಂದರೆ ಅದನ್ನು ಅಜ್ಞಾನ ಎಂದು ಕರೆದು ಕ್ಷಮಿಸಲು ನಾನು ಸಿದ್ಧನಿಲ್ಲ. ಅದು ಬರೀ ಉಡಾಫೆ.

ನಿಯಮವೇನೂ ದೊಡ್ಡ ಪುರಾಣವಲ್ಲ. 2017ರ ಮೋಟಾರು ವಾಹನ ಚಾಲನಾ ನಿಬಂಧನೆಗಳ ಪ್ರಕಾರ ವೃತ್ತದಲ್ಲಿ ಆಗಲೇ ಸುತ್ತುತ್ತಿರುವ ವಾಹನಕ್ಕೆ ಮೊದಲ ಹಕ್ಕು; ಒಳಬರುವವನು ಅದಕ್ಕೆ ದಾರಿ ಬಿಡಬೇಕು. ಅದಕ್ಕೂ ಹಿಂದಿನ 1989ರ ನಿಬಂಧನೆಗಳಲ್ಲಿ, ಕೂಡುರಸ್ತೆಗೆ ಬರುವವನು ಎದುರಿನದು ಮುಖ್ಯರಸ್ತೆಯಾಗಿದ್ದರೆ ಅದರಲ್ಲಿ ಹೋಗುತ್ತಿರುವವರಿಗೆ, ಇಲ್ಲದಿದ್ದರೆ ತನ್ನ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕೆಂದಿತ್ತು. ನಾವು ರಸ್ತೆಯ ಎಡಕ್ಕೆ ಓಡಿಸುವವರು, ವೃತ್ತವನ್ನು ಬಲಕ್ಕಿಟ್ಟುಕೊಂಡು ಸುತ್ತುವವರು. ಹಾಗಾಗಿ ಸುತ್ತುತ್ತಿರುವ ಗಾಡಿ ಯಾವತ್ತೂ ಒಳಬರುವವನ ಬಲಗಡೆಯಿಂದಲೇ ಬರುತ್ತದೆ. ಹಳೆಯ ನಿಬಂಧನೆ ಹಿಡಿದರೂ ಹೊಸದನ್ನು ಹಿಡಿದರೂ ಮಾಡಬೇಕಾದ ಕೆಲಸ ಒಂದೇ: ಬಲಕ್ಕೆ ನೋಡು, ಗಾಡಿ ಬರುತ್ತಿದ್ದರೆ ನಿಲ್ಲು. ನಮ್ಮಲ್ಲಿ ನಡುವೆ ದುಂಡಗಿನ ಕಟ್ಟೆಯೇ ಇಲ್ಲದ ಜಾಗವೂ 'ಸರ್ಕಲ್ಲೇ' ಆಗಿರುವುದರಿಂದ, ಎದುರಿನದು ಮುಖ್ಯರಸ್ತೆಯಲ್ಲದಿದ್ದರೆ ಅಂಥ ಕಡೆಗೂ ಈ ಬಲಗಡೆಯ ಲೆಕ್ಕವೇ ಅನ್ವಯ.

ಈ ನಿಯಮ ಆಕಾಶದಿಂದ ಉದುರಿದ್ದಲ್ಲ. ಬ್ರಿಟನ್ನಿನಲ್ಲಿ 1966ರ ನವೆಂಬರ್‌ಗೆ ಮೊದಲು ವೃತ್ತದಲ್ಲಿ ಯಾರಿಗೆ ಯಾರು ದಾರಿ ಬಿಡಬೇಕೆಂಬ ಖಚಿತ ಕಟ್ಟಳೆ ಇರಲಿಲ್ಲ. ಹೊರಗಿನವರು ನುಗ್ಗಿದಷ್ಟೂ ಒಳಗಿದ್ದವರು ಹೊರಬರಲಾರದೆ ವೃತ್ತವೇ ಬಿಗಿದುಕೊಂಡುಬಿಡುತ್ತಿತ್ತು. ಒಳಗಿರುವವನನ್ನು ಮೊದಲು ಬಿಟ್ಟರೆ ವೃತ್ತ ಖಾಲಿಯಾಗುತ್ತದೆ, ಖಾಲಿಯಾದರೆ ಹೊರಗಿನವನಿಗೂ ಜಾಗ ಸಿಗುತ್ತದೆ ಎಂಬ ಸರಳ ಲೆಕ್ಕವನ್ನು ಅವರು ಪರೀಕ್ಷಿಸಿ ನೋಡಿ ಕಾನೂನು ಮಾಡಿದರು. ಅವರು ಅರವತ್ತು ವರ್ಷದ ಹಿಂದೆ ಬಿಡಿಸಿಕೊಂಡ ಗಂಟನ್ನು ನಾವು ದಿನಾ ಸಂಜೆ ಹೊಸದಾಗಿ ಹಾಕಿಕೊಳ್ಳುತ್ತಿದ್ದೇವೆ. ವರ್ಷಕ್ಕೊಮ್ಮೆ ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುವ ದಿನಗಳಲ್ಲಿ ಹಾಸನದ ಯಾವುದಾದರೂ ವೃತ್ತದ ಬದಿಯಲ್ಲಿ ಕಾಲು ಗಂಟೆ ನಿಂತವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಅದೇ ಹಾಸನಾಂಬೆಯ ಗುಡಿಯಲ್ಲಿ ಅಪ್ರದಕ್ಷಿಣೆಯಾಗಿ ಸುತ್ತು ಬರುವ ಒಬ್ಬ ಭಕ್ತನನ್ನು ತೋರಿಸಿ ನೋಡೋಣ. ಇಲ್ಲ. ದೇವರನ್ನು ಬಲಕ್ಕಿಟ್ಟುಕೊಂಡೇ ಸುತ್ತಬೇಕೆಂದು ಮೂರು ವರ್ಷದ ಮಗುವಿಗೂ ಗೊತ್ತು. ವೃತ್ತವನ್ನು ಸುತ್ತಬೇಕಾದ್ದೂ ಆ ದಿಕ್ಕಿನಲ್ಲೇ. ಆದರೆ ಬಲಕ್ಕೆ ತಿರುಗಬೇಕಾದಾಗ ಮುಕ್ಕಾಲು ಸುತ್ತು ಬರುವ ಬದಲು, ಕಟ್ಟೆಯ ಇತ್ತಕಡೆಯಿಂದಲೇ ಅಡ್ಡಹಾಯ್ದು ನುಸುಳುವುದು ನಮ್ಮ ನಾಲ್ಕೂ ಊರಿನಲ್ಲಿ ಜಾಣತನ. ಉಳಿಯುವುದು ಎಷ್ಟು? ಹತ್ತು ಸೆಕೆಂಡು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನಲ್ಲಿ, ಸಂಚಾರದ ದಿಕ್ಕಿಗೆ ಎದುರಾಗಿ ಓಡಿಸುವುದು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿದೆ. ಕೈಯಲ್ಲಿ ಮೊಬೈಲು ಹಿಡಿದು ಓಡಿಸುವುದೂ ಅದೇ ಪಟ್ಟಿಯಲ್ಲಿದೆ. ಹೀಗೆ ಎದುರು ನುಗ್ಗಿ ಗುದ್ದಿಸಿಕೊಂಡವನೂ ಇಳಿದ ತಕ್ಷಣ ಎದುರಿನವನಿಗೇ "ನೋಡ್ಕಂಡ್ ಬರಕ್ಕಾಗಲ್ವಾ?" ಎನ್ನುತ್ತಾನಲ್ಲ, ಆ ಧೈರ್ಯಕ್ಕೆ ಮಾತ್ರ ಯಾವ ಕಲಮೂ ಸಾಲದು.

ಇನ್ನು ತಪ್ಪು ಹೊರಿಸುವ ನಮ್ಮ ಪದ್ಧತಿ. ಮೊದಲನೆಯದು, ದೊಡ್ಡ ಗಾಡಿಯದೇ ತಪ್ಪು ಎಂಬ ನಂಬಿಕೆ. ಬೈಕಿಗೂ ಕಾರಿಗೂ ಆದರೆ ಕಾರಿನವನು ಕೊಡಬೇಕು, ಕಾರಿಗೂ ಬಸ್ಸಿಗೂ ಆದರೆ ಬಸ್ಸಿನವನು. ದೊಡ್ಡ ಗಾಡಿಯವನಿಗೆ ಹೆಚ್ಚು ಎಚ್ಚರವಿರಬೇಕು, ಒಪ್ಪೋಣ. ಆದರೆ ಗಾತ್ರ ನೋಡಿ ತೀರ್ಪು ಕೊಡುವುದಾದರೆ ನಿಯಮ ಏತಕ್ಕೆ, ತಕ್ಕಡಿ ಸಾಕಲ್ಲ. ಎರಡನೆಯದು, ಕಾಗದ ನೋಡಿ ತಪ್ಪು ಹೊರಿಸುವುದು. "ನಿನಗೆ ಡಿಎಲ್ ಇಲ್ಲ, ತಪ್ಪು ನಿನ್ನದೇ." "ಬೈಕಲ್ಲಿ ಮೂರು ಜನ ಕೂತಿದ್ರು, ಇನ್ನೇನು ಮಾತು?" ಸುಪ್ರೀಂ ಕೋರ್ಟು ಇದನ್ನು ಎರಡು ಸಲ ಬಿಡಿಸಿ ಹೇಳಿದೆ. 2008ರ ಸುಧೀರ್ ಕುಮಾರ್ ರಾಣಾ ಪ್ರಕರಣದಲ್ಲಿ, ಪರವಾನಗಿ ಇಲ್ಲದೆ ಓಡಿಸುವುದು ಅಪರಾಧವೇ, ಆದರೆ ಅಷ್ಟರಿಂದಲೇ ಆ ಅಪಘಾತಕ್ಕೆ ಅವನ ನಿರ್ಲಕ್ಷ್ಯವೂ ಕಾರಣ ಎಂದಾಗುವುದಿಲ್ಲ ಎಂದಿತು. 2020ರ ಜನವರಿಯ ಮೊಹಮ್ಮದ್ ಸಿದ್ದೀಕ್ ಪ್ರಕರಣದಲ್ಲಿ, ಬೈಕಿನಲ್ಲಿ ಮೂವರಿದ್ದರು ಎಂಬ ಒಂದೇ ಕಾರಣಕ್ಕೆ ಪರಿಹಾರದಲ್ಲಿ ಪಾಲು ಕಡಿದ ಹೈಕೋರ್ಟಿನ ತೀರ್ಮಾನವನ್ನು ತಳ್ಳಿಹಾಕಿತು. ಮೂವರು ಕೂತದ್ದರಿಂದಲೇ ಡಿಕ್ಕಿಯಾಯಿತು ಅಥವಾ ಪೆಟ್ಟು ಹೆಚ್ಚಾಯಿತು ಎಂಬುದು ಸಾಬೀತಾಗಬೇಕು. ಡಿಎಲ್ ಇಲ್ಲದವನಿಗೆ, ತ್ರಿಬಲ್ ಹೋದವನಿಗೆ ದಂಡ ಹಾಕಿ, ಯಾರು ಬೇಡವೆಂದರು? ಗುದ್ದಿದ್ದು ಯಾರು ಎಂಬುದು ಬೇರೆಯೇ ಪ್ರಶ್ನೆ.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು, "ನಾನು ಯಾರು ಗೊತ್ತಾ?" ಇಂಥವರ ಕಡೆಯವನು, ಇಂಥ ಊರಿನವನು, ಇಂಥ ಪಕ್ಷದವನು. ಈ ಜಿಲ್ಲೆಯಲ್ಲಿ ರಾಜಕೀಯ ದಟ್ಟವಾಗಿದೆ, ಇರಲಿ. ಆದರೆ ವೃತ್ತಕ್ಕೆ ಬಲಗಡೆಯಿಂದ ಬರುವ ಗಾಡಿಗೆ ಪಕ್ಷವಿಲ್ಲ.

ತಪ್ಪು ಯಾರದೆಂದು ನಿಜಕ್ಕೂ ತಿಳಿಯಬೇಕೆಂದರೆ ತಗಡು ನೋಡಿ, ಗಂಟಲು ಕೇಳಬೇಡಿ. ಒಳಬರುವವನು ಸುತ್ತುತ್ತಿರುವ ಗಾಡಿಯ ಎಡಗಡೆಯಿಂದ ಬರುತ್ತಾನೆ. ಸುತ್ತುತ್ತಿದ್ದ ಕಾರಿನ ಎಡಬಾಗಿಲೋ ಎಡ ಫೆಂಡರೋ ಒಳಗೆ ಹೋಗಿ, ಇನ್ನೊಂದರ ಮೂತಿ ಜಜ್ಜಿದ್ದರೆ, ನುಗ್ಗಿದವನು ಯಾರೆಂದು ತಗಡೇ ಹೇಳುತ್ತದೆ. ತಿರುಗುಮುರುಗಾಗಿ, ಒಳಬಂದ ಗಾಡಿಯ ಬಲಬದಿಗೆ ಸುತ್ತುತ್ತಿದ್ದ ಗಾಡಿಯ ಮೂತಿ ಬಡಿದಿದ್ದರೆ ಮಾತು ಸ್ವಲ್ಪ ತೊಡಕು. "ನಾನು ಆಗಲೇ ಒಳಗಿದ್ದೆ" ಎಂದು ಒಳಬಂದವನು ವಾದಿಸಬಹುದು. ಮೂತಿ ಮುಂದಕ್ಕೆ ಚಾಚಿದ ಮಾತ್ರಕ್ಕೆ ಒಳಗಿದ್ದಂತಾಗುವುದಿಲ್ಲ ಎಂದು ಇನ್ನೊಬ್ಬ. ಇಲ್ಲಿ ಸುತ್ತುತ್ತಿದ್ದವನ ವೇಗವೂ ಲೆಕ್ಕಕ್ಕೆ ಬರುತ್ತದೆ. ಮೊದಲ ಹಕ್ಕಿದೆಯೆಂದು ಬ್ರೇಕ್ ಮೇಲಿನ ಕಾಲು ತೆಗೆಯುವ ಹಕ್ಕು ಯಾರಿಗೂ ಇಲ್ಲ.

ನಿಜವಾಗಿ ಕಷ್ಟದ್ದು ಮೂರನೆಯ ಬಗೆ. ಇಬ್ಬರೂ ವೃತ್ತದೊಳಗೇ ಇದ್ದಾರೆ. ಕಟ್ಟೆಯ ಪಕ್ಕದಲ್ಲಿದ್ದ ಕಾರು ತನ್ನ ರಸ್ತೆ ಬಂತೆಂದು ಎಡಕ್ಕೆ ಹೊರಳುತ್ತದೆ, ಹೊರಮಗ್ಗುಲಲ್ಲಿದ್ದ ಬೈಕು ಇನ್ನೂ ಮುಂದಕ್ಕೆ ಸುತ್ತುತ್ತದೆ. ಕಾರಿನವನು ಎಡ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಮೊದಲೇ ಹೊರಮಗ್ಗುಲಿಗೆ ಬಂದಿರಬೇಕಿತ್ತು. ಬೈಕಿನವನು ಹೊರಳುತ್ತಿರುವ ಗಾಡಿಯ ಎಡಸಂದಿಗೆ ನುಗ್ಗಬಾರದಿತ್ತು. ಇಂಥಲ್ಲಿ ಪರಿಹಾರ ನ್ಯಾಯಮಂಡಳಿ ತಪ್ಪನ್ನು ಇಬ್ಬರಿಗೂ ಪಾಲು ಹಾಕುವುದುಂಟು. ವಕೀಲರು ಅದಕ್ಕೆ ಕಾಂಟ್ರಿಬ್ಯೂಟರಿ ನೆಗ್ಲಿಜೆನ್ಸ್ ಎನ್ನುತ್ತಾರೆ. ಗಾಯಗೊಂಡವನ ಪಾಲಿನ ತಪ್ಪಿನಷ್ಟು ಅವನ ಪರಿಹಾರ ಕಡಿಮೆಯಾಗುತ್ತದೆ. ಆಟೋದಲ್ಲಿ ಕೂತ ಪ್ರಯಾಣಿಕನಿಗೆ ಈ ಪಾಲಿನ ತಂಟೆಯೇ ಇಲ್ಲ. ಎರಡು ಗಾಡಿಯವರ ನಿರ್ಲಕ್ಷ್ಯದಿಂದ ಅವನಿಗೆ ಪೆಟ್ಟಾದರೆ ಪೂರ್ತಿ ಮೊತ್ತವನ್ನು ಯಾರೊಬ್ಬರಿಂದಲೂ ಕೇಳಬಹುದೆಂದು 2008ರ ಟಿ.ಒ. ಆಂಟನಿ ಪ್ರಕರಣ ಸ್ಪಷ್ಟಪಡಿಸಿದೆ. ನಮ್ಮ ಜನ ಮಾಡುವುದೇನು? ಚಾಲಕರಿಬ್ಬರ ಜಗಳ ತೀರಲಿ ಎಂದು ಆ ಬಡಪಾಯಿಯನ್ನು ಫುಟ್‌ಪಾತಿನ ಮೇಲೆ ಕೂರಿಸಿರುತ್ತಾರೆ.

ಇದನ್ನೆಲ್ಲ ತೂಗಿ ನೋಡಲು ಸಾಕ್ಷ್ಯ ಬೇಕು. ನಾವು ಮೊದಲು ನಾಶಮಾಡುವುದೇ ಅದನ್ನು. ಮೊಬೈಲಿಲ್ಲದವನಿಲ್ಲ, ಆದರೆ ತೆಗೆಯುವ ಫೋಟೊ ಮಾತ್ರ ತನ್ನ ಬಂಪರಿನದು, ಒಂದಡಿ ದೂರದಿಂದ. ಆ ಫೋಟೊದಿಂದ ಡೆಂಟಿಂಗ್ ಪೇಂಟಿಂಗ್ ಮಾಡುವವನಿಗೆ ಬಿಟ್ಟರೆ ಇನ್ನಾರಿಗೂ ಪ್ರಯೋಜನವಿಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿದು, ಎರಡೂ ಗಾಡಿ, ವೃತ್ತದ ಕಟ್ಟೆ, ಬಂದ ರಸ್ತೆ, ಒಡೆದ ಗಾಜು ಬಿದ್ದ ಜಾಗ, ಬ್ರೇಕಿನ ಗುರುತು ಎಲ್ಲ ಒಂದೇ ಚೌಕಟ್ಟಿಗೆ ಬರುವಂತೆ ತೆಗೆದು, ಆಮೇಲೆ ಗಾಡಿಯನ್ನು ಬದಿಗೆ ಹಾಕಿದರೆ ರಸ್ತೆಯೂ ತೆರವು, ಸತ್ಯವೂ ಭದ್ರ. ನಾವು ಇದರ ತದ್ವಿರುದ್ಧ. ಫೋಟೊ ಇಲ್ಲದೆ ಗಾಡಿ ಎಳೆದುಬಿಡುತ್ತೇವೆ, ಇಲ್ಲವೇ ಫೋಟೊ ತೆಗೆದ ಮೇಲೂ ಹಟಕ್ಕೆ ನಡುರಸ್ತೆಯಲ್ಲೇ ನಿಲ್ಲಿಸಿಕೊಂಡು ಹಿಂದಿನ ಆಂಬುಲೆನ್ಸನ್ನೂ ಕಾಯಿಸುತ್ತೇವೆ. ಮೂಲೆಯ ಅಂಗಡಿಯ ಸಿಸಿಟಿವಿ ದೃಶ್ಯ ಕೆಲವೇ ದಿನಗಳಲ್ಲಿ ತಾನಾಗಿ ಅಳಿಸಿಹೋಗುತ್ತದೆ. ಅದನ್ನು ಕೇಳಬೇಕೆಂದು ಹೊಳೆಯುವುದು ತಿಂಗಳ ನಂತರ, ವಕೀಲರ ಮುಂದೆ ಕೂತಾಗ.

ಎಲ್ಲಕ್ಕಿಂತ ಹೆಚ್ಚು ಹೆಮ್ಮೆಪಡುವ ನಮ್ಮ ಅಭ್ಯಾಸ ರಾಜಿ. "ಸ್ಟೇಷನ್ನು ಕೋರ್ಟು ಅಂತ ಯಾಕಣ್ಣ ಅಲೀತೀರಿ, ಎರಡ್ ಸಾವ್ರ ಬಿಸಾಕಿ, ಇಲ್ಲೇ ಮುಗಿಸ್ಕಳಿ." ಇದನ್ನು ಹೇಳುವವನು ಊರಿಗೆ ಹಿರಿಯ, ಒಪ್ಪಿಕೊಂಡವನು ದೊಡ್ಡ ಮನುಷ್ಯ. ತಗಡಷ್ಟೇ ನಗ್ಗಿ, ಇಬ್ಬರೂ ಮನಸಾರೆ ಒಪ್ಪಿದರೆ ನನ್ನ ತಕರಾರಿಲ್ಲ. ಆದರೆ ನಡೆಯುವುದು ಅದಲ್ಲ. ಬೈಕಿನ ಹುಡುಗ ಹೆಲ್ಮೆಟ್ ತೆಗೆದು, ಎದ್ದು ನಿಂತು, "ಏನೂ ಆಗಿಲ್ಲ ಬುಡಿ" ಎಂದು ಕನ್ನಡಿಯ ದುಡ್ಡು ಇಸಿದುಕೊಂಡು ಹೋಗುತ್ತಾನೆ. ರಾತ್ರಿ ಭುಜ ಎತ್ತಲಾಗುವುದಿಲ್ಲ, ಬೆಳಿಗ್ಗೆ ಎಕ್ಸ್‌ರೇಯಲ್ಲಿ ಮೂಳೆ ಬಿರುಕು. ಆಸ್ಪತ್ರೆಯಲ್ಲಿ ಮೆಡಿಕೊ-ಲೀಗಲ್ ದಾಖಲೆ (ಎಂಎಲ್‌ಸಿ) ಇಲ್ಲ, ಠಾಣೆಯಲ್ಲಿ ದೂರಿಲ್ಲ, ಗುದ್ದಿದವನ ಗಾಡಿಯ ನಂಬರೂ ನೆನಪಿಲ್ಲ. ದೂರು ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರದ ಅರ್ಜಿಯನ್ನು ಅನುಮಾನಿಸಬಾರದೆಂದು 2011ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ನಿಜ. ಆದರೆ ನಂಬರೇ ಗೊತ್ತಿಲ್ಲದ ಗಾಡಿಯ ಮೇಲೆ ಅರ್ಜಿ ಹಾಕುವುದು ಹೇಗೆ? ಎರಡು ಸಾವಿರಕ್ಕೆ ಅವನು ಮಾರಿಕೊಂಡದ್ದು ಕನ್ನಡಿಯನ್ನಲ್ಲ, ತನ್ನ ಹಕ್ಕನ್ನು. ಕೊಡಿಸಿದವರು ಆ ಹಿರಿಯರು.

ದುಡ್ಡು ಕೊಟ್ಟವನಾದರೂ ಗೆದ್ದನೇ? ಅವನ ವಿಮಾ ಪಾಲಿಸಿಯ ಷರತ್ತುಗಳನ್ನು ಅವನು ಓದಿಲ್ಲ. ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ತಪ್ಪೊಪ್ಪಿಗೆಯಾಗಲಿ, ದುಡ್ಡಿನ ಭರವಸೆಯಾಗಲಿ, ಪಾವತಿಯಾಗಲಿ ಮಾಡಕೂಡದು ಎಂದು ಅದರಲ್ಲಿ ಅಚ್ಚಾಗಿದೆ. ಅಪಘಾತವನ್ನು ಕೂಡಲೇ ತಿಳಿಸಬೇಕೆಂದೂ ಇದೆ. ಬಿಳಿಹಾಳೆಯ ಮೇಲೆ "ತಪ್ಪು ನನ್ನದೇ, ಖರ್ಚು ನಾನೇ ಕೊಡುತ್ತೇನೆ" ಎಂದು ಬರೆದು ಸಹಿ ಹಾಕಿಕೊಟ್ಟು ಬಂದವನು, ನಾಳೆ ದೊಡ್ಡ ಕ್ಲೇಮು ಬಂದಾಗ ಕಂಪನಿಯ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತದೆ. ವರ್ಷ ವರ್ಷ ಪ್ರೀಮಿಯಂ ಕಟ್ಟುವುದು ಇದಕ್ಕೇ. ಎದುರಿನವನ ಆಸ್ತಿಪಾಸ್ತಿಗಾದ ನಷ್ಟಕ್ಕೆ ಖಾಸಗಿ ಕಾರಿನ ಥರ್ಡ್ ಪಾರ್ಟಿ ವಿಮೆಯಲ್ಲಿ 7.5 ಲಕ್ಷದವರೆಗೆ, ದ್ವಿಚಕ್ರ ವಾಹನದ್ದರಲ್ಲಿ 1 ಲಕ್ಷದವರೆಗೆ ರಕ್ಷಣೆಯಿದೆ. ಅದನ್ನು ಡ್ಯಾಶ್‌ಬೋರ್ಡಿನಲ್ಲಿಟ್ಟುಕೊಂಡು ಜೇಬಿನಿಂದ ನೋಟು ತೆಗೆಯುವುದನ್ನು ಯಾವ ಲೆಕ್ಕಕ್ಕೆ ಜಾಣತನ ಎನ್ನುತ್ತೀರಿ?

ವಿಮೆಯೇ ಇಲ್ಲದೆ ಓಡಿಸುವವರ ಗುಂಪೊಂದಿದೆ. ಅವರಿಗೆ ರಾಜಿ ಇಷ್ಟವಾಗುವುದರ ಗುಟ್ಟು ಬೇರೆ, ಅದನ್ನು ಬಿಡಿ.

ಇನ್ನೊಂದು ಚಾಳಿಯ ಬಗ್ಗೆ ಮಾತ್ರ ಸುಮ್ಮನಿರಲಾರೆ. ಓಡಿಸುತ್ತಿದ್ದವನು ಹದಿನಾರರ ಹುಡುಗ, ಠಾಣೆಯಲ್ಲಿ ನಿಲ್ಲುವವನು ಡಿಎಲ್ ಇರುವ ಚಿಕ್ಕಪ್ಪ. ಮನೆಯವರೆಲ್ಲ ಸೇರಿ ಅರ್ಧ ಗಂಟೆಯಲ್ಲಿ ಚಾಲಕನನ್ನೇ ಬದಲಾಯಿಸಿಬಿಡುತ್ತಾರೆ. "ಹುಡುಗನ ಭವಿಷ್ಯ" ಎನ್ನುತ್ತಾರೆ. 2019ರ ತಿದ್ದುಪಡಿ ತಂದ 199ಎ ಕಲಮಿನ ಪ್ರಕಾರ ಅಪ್ರಾಪ್ತ ವಯಸ್ಸಿನವರು ಓಡಿಸಿ ಅಪರಾಧವಾದರೆ ಪೋಷಕರು ಅಥವಾ ಗಾಡಿಯ ಮಾಲೀಕರೇ ಹೊಣೆ: ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಒಂದು ವರ್ಷ ಗಾಡಿಯ ನೋಂದಣಿ ರದ್ದು, ಹುಡುಗನಿಗೆ 25 ವರ್ಷ ತುಂಬುವವರೆಗೆ ಡಿಎಲ್ ಇಲ್ಲ. ಟ್ಯೂಷನ್ನಿಗೆ ಹೋಗಿ ಬರಲಿ ಎಂದು ಸ್ಕೂಟರಿನ ಕೀಲಿ ಕೊಟ್ಟ ಅಪ್ಪ ಅಮ್ಮಂದಿರು ಇದನ್ನು ಎರಡು ಸಲ ಓದಲಿ. ಚಾಲಕನನ್ನು ಬದಲಾಯಿಸುವ ದಿನ ಆ ಹುಡುಗ ಕಲಿಯುವ ಪಾಠ ಯಾವುದೆಂದೂ ಯೋಚಿಸಲಿ.

ಚಾಲಕನಿಗೆ ಕಾಯ್ದೆ ಹೇರಿರುವ ಕರ್ತವ್ಯ ಬೇರೆಯೇ ಇದೆ. 134ನೇ ಕಲಮು: ಗಾಯಗೊಂಡವರಿಗೆ ಚಿಕಿತ್ಸೆ ಕೊಡಿಸು, ಪೊಲೀಸರು ಕೇಳಿದ ಮಾಹಿತಿ ಕೊಡು, ಅವರು ಸ್ಥಳದಲ್ಲಿ ಇಲ್ಲದಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ತಿಳಿಸು, ವಿಮಾ ಕಂಪನಿಗೂ ತಿಳಿಸು. ತಪ್ಪು ನಿನ್ನದಾದರೆ ಮಾತ್ರ ಎಂದು ಅದರಲ್ಲಿ ಎಲ್ಲೂ ಇಲ್ಲ. ಸುತ್ತ ನೆರೆದವರಿಗೂ ನೆಪವಿಲ್ಲ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಕೇಸಿಗೆ ಎಳೆಯದಂತೆ 134ಎ ರಕ್ಷಿಸುತ್ತದೆ. ವಿಡಿಯೋ ಮಾಡುತ್ತ ನಿಂತವರನ್ನು ರಕ್ಷಿಸಲು ಯಾವ ಕಲಮೂ ಇಲ್ಲ.

ಆಳುವವರ ಉಡಾಫೆಗೂ ಲೆಕ್ಕವಿದೆ. ವೃತ್ತಕ್ಕೆ ಬರುವ ಪ್ರತಿ ರಸ್ತೆಯ ಬಾಯಲ್ಲಿ 'ದಾರಿ ಬಿಡಿ' ಎನ್ನುವ, ತುದಿ ಕೆಳಗಾದ ಕೆಂಪಂಚಿನ ತ್ರಿಕೋನ ಫಲಕ ಇರಬೇಕು. ನಿಮ್ಮ ಊರಿನಲ್ಲಿ ಅದನ್ನು ಎಲ್ಲಿ ಕಂಡಿರಿ, ಜ್ಞಾಪಿಸಿಕೊಳ್ಳಿ. ಫಲಕವಿರಬೇಕಾದ ಜಾಗದಲ್ಲಿ ಹುಟ್ಟುಹಬ್ಬದ ಫ್ಲೆಕ್ಸ್ ಇರುತ್ತದೆ. ಬಲಕ್ಕೆ ನೋಡಿದರೆ ಗಾಡಿಯ ಬದಲು ಕೈಮುಗಿದ ನಾಯಕರ ನಗು ಕಾಣುತ್ತದೆ. ಸಾರ್ವಜನಿಕ ಸ್ಥಳಗಳ ಅಂದಗೆಡಿಸುವಿಕೆ ತಡೆಯಲು ರಾಜ್ಯದ 1981ರ ಕಾಯ್ದೆಯೇ ಇದೆ. ನೋಟಕ್ಕೆ ಅಡ್ಡವಾಗುವುದು ಫ್ಲೆಕ್ಸ್ ಒಂದೇ ಅಲ್ಲ; ರಸ್ತೆಗಳಲ್ಲಿ ಹೊಸ ಪ್ರತಿಮೆ ನಿಲ್ಲಿಸಲು, ಕಟ್ಟಡ ಕಟ್ಟಲು ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟು 2013ರ ಜನವರಿಯಲ್ಲೇ ರಾಜ್ಯಗಳಿಗೆ ಆದೇಶಿಸಿದೆ. ಪೊಲೀಸರಲ್ಲಿ ಕೆಲವರಿಗೂ ವ್ಯಾಜ್ಯ ಠಾಣೆಯ ಹೊರಗೇ ಮುಗಿದರೆ ಮಹಜರು, ಸ್ಕೆಚ್ಚಿನ ಕೆಲಸ ತಪ್ಪಿತೆಂಬ ನಿರಾಳ. ಇನ್ನು ಕೆಲವರು ದೊಡ್ಡ ಗಾಡಿಯವನ ಮೇಲೆ ಎಫ್‌ಐಆರ್ ಬರೆದು ಕೈತೊಳೆದುಕೊಳ್ಳುತ್ತಾರೆ. ನೆಟ್ಟಗೆ ಬರೆದ ಒಂದು ಸ್ಕೆಚ್ಚು ನ್ಯಾಯಾಲಯದಲ್ಲಿ ಹತ್ತು ಸಾಕ್ಷಿಗಳ ಮಾತಿಗಿಂತ ಗಟ್ಟಿ ನಿಲ್ಲುತ್ತದೆಂದು ಅವರಿಗೆ ನಾನು ಕಲಿಸಬೇಕಿಲ್ಲ.

ವೃತ್ತದಲ್ಲಿ ವೇಗ ಕಡಿಮೆ, ತಗಡು ಹೋಗುತ್ತದೆ, ಜೀವ ಹೋಗುವುದಿಲ್ಲ ಎನ್ನುವವರಿದ್ದಾರೆ. ವೃತ್ತದಲ್ಲಿ ಬಲಕ್ಕೆ ನೋಡದವನು ಹೆದ್ದಾರಿಗೆ ಹೋದ ಮೇಲೆ ಬೇರೆ ಮನುಷ್ಯನಾಗುತ್ತಾನೆಯೇ? 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಕರ್ನಾಟಕದಲ್ಲೇ 11,702. ನಮ್ಮ ಜಿಲ್ಲೆಗೆ ಅಂಕಿಯೂ ಬೇಕಿಲ್ಲ. 2025ರ ಸೆಪ್ಟೆಂಬರ್ 12ರ ರಾತ್ರಿ ಹೊಳೆನರಸೀಪುರದ ದಾರಿಯ ಮೊಸಳೆಹೊಸಹಳ್ಳಿಯಲ್ಲಿ ಗಣೇಶನ ಮೆರವಣಿಗೆಗೆ ಲಾರಿ ನುಗ್ಗಿ, ಓದುವ ವಯಸ್ಸಿನ ಹುಡುಗರ ಹೆಣಗಳನ್ನು ಎತ್ತಿದ್ದು ಇಲ್ಲಿಯ ಜನವೇ. ಆ ವಾರ ಎಲ್ಲರ ಬಾಯಲ್ಲೂ ರಸ್ತೆ ಸುರಕ್ಷತೆಯೇ ಇತ್ತು. ತಿಂಗಳು ಕಳೆಯುವುದರೊಳಗೆ ಎಲ್ಲರೂ ಹಳೆಯ ಚಾಳಿಗೆ ಮರಳಿದರು.

ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಬಾಗಿಲು ಮತ್ತೆ ತೆರೆಯುತ್ತದೆ, ಊರೂರಿನ ಗಾಡಿಗಳು ಹಾಸನಕ್ಕೆ ಬರುತ್ತವೆ. ಅಷ್ಟರೊಳಗೆ ನಾಲ್ಕೂ ಊರಿನ ನಗರಾಡಳಿತ ವೃತ್ತಗಳ ಫ್ಲೆಕ್ಸ್ ಕಿತ್ತು ತ್ರಿಕೋನ ಫಲಕ ನೆಡಲಿ. ಸಂಚಾರ ಪೊಲೀಸರು ಅಡ್ಡಹಾಯುವವರಿಗೆ ಹಬ್ಬದ ವಿನಾಯಿತಿ ಕೊಡದೆ ದಂಡ ಹಾಕಲಿ. ಗಾಡಿ ಓಡಿಸುವ ನೀವು ಫಲಕಕ್ಕೂ ಪೊಲೀಸರಿಗೂ ಕಾಯಬೇಡಿ. ಇವತ್ತು ಸಂಜೆ ಮನೆಗೆ ಹೋಗುವಾಗಲೇ ವೃತ್ತದ ಬಾಯಲ್ಲಿ ಬ್ರೇಕ್ ಒತ್ತಿ, ಬಲಕ್ಕೆ ನೋಡಿ, ಒಳಗಿರುವವನನ್ನು ಮೊದಲು ಹೋಗಲು ಬಿಡಿ. ಹಿಂದಿನವನು ಹಾರ್ನ್ ಹೊಡೆಯುತ್ತಾನೆ. ಹೊಡೆಯಲಿ, ನೀವು ಕದಲಬೇಡಿ.